ಬೆನ್ನ ಹಿಂದಿನ ಬರಹ
(ಬಾನುಲಿ ಭಾಷಣ)

ನಮ್ಮ ಊರುಗಳ ಪೇಟೆಬೀದಿಯಲ್ಲಿ ನಡೆದುಹೋಗುವಾಗ ‘ಪತ್ತಿನ ಸಹಕಾರ ಸಂಘ’ ಎಂಬ ಹಲಗೆ ಕಣ್ಣಿಗೆ ಬೀಳದೆ ಇರುವುದಿಲ್ಲ. ಆ ‘ಪತ್ತು’ ಎಂಬ ಮಾತಿನ ಅರ್ಥವೇನೆಂದು ನನ್ನ ವಿದ್ಯಾರ್ಥಿಗಳನ್ನು ಕೇಳಿದಾಗಲೆಲ್ಲ ಬಹುಮಂದಿ ‘ಸಾಲ’ ಎಂದು ಉತ್ತರ ಕೊಡುತ್ತಿದ್ದರು. ಅದು ಪೂರ್ತಿ ತಪ್ಪಲ್ಲ. ಪೂರ್ತಿ ಸರಿಯೂ ಅಲ್ಲ. ಮರಾಠಿಯಲ್ಲಿ ‘ಪತ’ ಎಂದರೆ ಒಬ್ಬನ ಮಾತಿನ ಮೇಲೆ ನಾಲ್ಕು ಜನ ಇಡುವ ಭರವಸೆ, ಸಮಾಜದಲ್ಲಿ ಅವನಿಗಿರುವ ಮರ್ಯಾದೆ. ಇಂಗ್ಲಿಷಿನ ‘ಕ್ರೆಡಿಟ್’ ಶಬ್ದವೂ ನಂಬುವುದು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದ್ದೇ. ನಂಬಿಕೆ ಮೊದಲು, ಸಾಲ ಆಮೇಲೆ. ಹಾಗಾದರೆ ಆ ನಂಬಿಕೆಯನ್ನು ಅಳೆಯುವವರು ಯಾರು, ಯಾವ ಕೋಲಿನಿಂದ ಅಳೆಯುತ್ತಾರೆ, ಅಳತೆ ತಪ್ಪಿದರೆ ಕೇಳುವ ಹಕ್ಕು ನಮಗೆ ಉಂಟೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ. ನಾನು ಕಾಯಿದೆ ಓದಿದವನಲ್ಲ. ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಕಾಯಿದೆಯನ್ನು ಓದಲೇಬೇಕಾದ ಸಂದರ್ಭವೊಂದು ನನಗೆ ಒದಗಿತು.

1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘವನ್ನು ಕಟ್ಟಿದರು. ಅದರ ಹಿಂದಿನ ವರ್ಷವಷ್ಟೇ ಸಹಕಾರಿ ಸಂಘಗಳ ಕಾಯಿದೆ ಬಂದಿತ್ತು. ಆ ಕಾಯಿದೆಯ ಪ್ರಕಾರ ಹಳ್ಳಿಯ ಸಂಘದಲ್ಲಿ ಒಬ್ಬ ಸದಸ್ಯ ತಪ್ಪಿದರೆ ಉಳಿದವರೆಲ್ಲರೂ ಹೊಣೆ. ಆದುದರಿಂದ ಯಾರಿಗೆ ಎಷ್ಟು ಕೊಡಬಹುದೆಂಬುದನ್ನು ಊರಿನವರೇ ಕುಳಿತು ನಿರ್ಣಯಿಸುತ್ತಿದ್ದರು. ಇದರಲ್ಲಿ ಜಾತಿ ಇರಲಿಲ್ಲ, ದ್ವೇಷ ಇರಲಿಲ್ಲ ಎಂದು ಹೇಳುವಷ್ಟು ಮುಗ್ಧ ನಾನಲ್ಲ. ಆದರೆ ಒಂದು ಗುಣವಿತ್ತು. ನಿನಗೆ ಸಾಲ ಕೊಡುವುದಿಲ್ಲ ಎಂದವನ ಮುಖ ಕಾಣುತ್ತಿತ್ತು. ‘ಯಾಕಪ್ಪಾ, ನಾನೇನು ಮಾಡಿದೆ?’ ಎಂದು ಅವನನ್ನು ಕೇಳಬಹುದಾಗಿತ್ತು.

ಈಗ ಆ ಕೆಲಸವನ್ನು ದೂರದ ನಗರಗಳಲ್ಲಿರುವ ನಾಲ್ಕು ಕಂಪನಿಗಳು ಮಾಡುತ್ತವೆ. ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್ ಎಂಬವು ಅವುಗಳ ಹೆಸರು. ಮೊದಲನೆಯದು 2000ದಲ್ಲಿ ಸ್ಥಾಪನೆಯಾದ್ದರಿಂದ ಜನ ಯಾವ ಕಂಪನಿಯ ವರದಿಯನ್ನಾದರೂ ‘ಸಿಬಿಲ್’ ಎಂದೇ ಕರೆಯುವುದು ವಾಡಿಕೆ. ನಾವು ಯಾವ ಬ್ಯಾಂಕಿನಲ್ಲಿ ಎಷ್ಟು ಸಾಲ ತೆಗೆದೆವು, ಯಾವ ಕಂತು ಎಷ್ಟು ದಿನ ತಡವಾಯಿತು, ಯಾರಿಗೆ ಜಾಮೀನು ನಿಂತೆವು, ಎಲ್ಲವನ್ನೂ ಬ್ಯಾಂಕುಗಳು ಈ ಕಂಪನಿಗಳಿಗೆ ಒಪ್ಪಿಸುತ್ತವೆ. ಮೊದಲು ತಿಂಗಳಿಗೊಮ್ಮೆ ಒಪ್ಪಿಸುತ್ತಿದ್ದುದು 2025ರ ಜನವರಿಯಿಂದ ಪಕ್ಷಕ್ಕೊಮ್ಮೆಯಾಯಿತು. ಕಂಪನಿಗಳು ಅದನ್ನು ಕಲೆಹಾಕಿ, ನಮ್ಮ ನಮ್ಮ ಪತ್ತಿಗೆ 300ರಿಂದ 900ರವರೆಗೆ ಒಂದು ಅಂಕ ಕೊಡುತ್ತವೆ. ನಲವತ್ತು ವರ್ಷ ಅನ್ಯರಿಗೆ ಅಂಕ ಕೊಟ್ಟವನಿಗೆ ಮುಪ್ಪಿನಲ್ಲಿ ಅಂಕ ತೆಗೆದುಕೊಳ್ಳುವ ಯೋಗ ಬಂತೆಂದು ಹೆಂಡತಿ ನಗುತ್ತಾಳೆ.

ನಗುವಂಥದಲ್ಲದ ಪ್ರಸಂಗವನ್ನು ಹೇಳುತ್ತೇನೆ. ನನ್ನ ತಮ್ಮ ತೀರಿಕೊಂಡ ಮೇಲೆ ಅವನ ಮಗಳ ಓದು ನನ್ನ ಪಾಲಿಗೆ ಬಂತು. 2024ರಲ್ಲಿ ಅವಳಿಗೆ ಶುಶ್ರೂಷಾ ಪದವಿಯ ಸೀಟು ಸಿಕ್ಕಿತು. ವಿದ್ಯಾಭ್ಯಾಸದ ಸಾಲಕ್ಕೆ ಅವಳ ಜೊತೆಯಲ್ಲಿ ನಾನೂ ಸಹಿ ಹಾಕಬೇಕಾಗಿತ್ತು. ಬ್ಯಾಂಕಿನ ಮ್ಯಾನೇಜರು ನನ್ನ ಹಳೆಯ ಶಿಷ್ಯ. ಎರಡು ದಿನ ಬಿಟ್ಟು ಮನೆಗೇ ಬಂದ. ಕಾಫಿ ಮುಗಿಯುವವರೆಗೂ ಮಳೆಯ ಮಾತನಾಡಿ, ಕೊನೆಗೆ ನೆಲ ನೋಡುತ್ತ, “ಸಾರ್, ತಪ್ಪು ತಿಳಿಯಬೇಡಿ. ನಿಮ್ಮ ಹೆಸರಿನಲ್ಲಿ ಒಂದು ಹಳೇ ಸಾಲ ರೈಟ್ ಆಫ್ ಆಗಿದೆ ಅಂತ ರಿಪೋರ್ಟು ಹೇಳುತ್ತೆ. ಮೇಲಿನವರು ಒಪ್ಪೋದಿಲ್ಲ” ಎಂದ. ಮೋಟಾರು ಬೈಕಿನ ಸಾಲವಂತೆ. ಬೈಸಿಕಲ್ಲಿನಿಂದಾಚೆಗೆ ಯಾವ ಎರಡು ಚಕ್ರವನ್ನೂ ಏರದ ನಾನು, ಎಂದೂ ವಾಸ ಮಾಡದ ಒಂದು ನಗರದಲ್ಲಿ, ಬೈಕು ಕೊಂಡು, ಕಂತು ಕಟ್ಟದೆ ಪರಾರಿಯಾಗಿದ್ದೆ. ಅಡಿಗೆಮನೆಯ ಬಾಗಿಲಲ್ಲಿ ಆ ಹುಡುಗಿ ನಿಂತಿದ್ದಳು. ಅವಳು ಏನನ್ನೂ ಕೇಳಲಿಲ್ಲ. ಅವಳು ನನ್ನನ್ನು ನೋಡಿದ ನೋಟದಲ್ಲಿ ಒಂದು ಕ್ಷಣ, ಒಂದೇ ಕ್ಷಣ, ‘ದೊಡ್ಡಪ್ಪ ಹೀಗೇನಾದರೂ ಮಾಡಿರಬಹುದೆ?’ ಎಂಬ ಪ್ರಶ್ನೆ ಇತ್ತೆಂದು ನನಗೆ ಅನ್ನಿಸಿತು. ನಾನು ಕಾಯಿದೆಯ ಪುಸ್ತಕ ಹುಡುಕಿಕೊಂಡು ಹೋದದ್ದು ಆ ನೋಟಕ್ಕಾಗಿ.

ಆದದ್ದಿಷ್ಟೆ. ನನ್ನ ಹೆಸರಿನವನೇ, ನನ್ನ ಇನಿಷಿಯಲ್ಲಿನವನೇ ಮತ್ತೊಬ್ಬ ಮಹಾಶಯ ಇದ್ದಾನೆ. ಅವನ ಸಾಲದ ಕಾಗದದಲ್ಲಿ ಪ್ಯಾನ್ ಸಂಖ್ಯೆ ಇರಲಿಲ್ಲ. ಹೆಸರು ಹೊಂದಿತು, ಗಣಕಯಂತ್ರ ಇಬ್ಬರನ್ನೂ ಒಬ್ಬನೆಂದು ಬಗೆಯಿತು. ನಮ್ಮ ಕಡೆಯ ಹೆಸರುಗಳ ಅವಸ್ಥೆ ನಿಮಗೆ ಗೊತ್ತೇ ಇದೆ. ಊರಿನದೊಂದು, ತಂದೆಯದೊಂದು ಅಕ್ಷರ ಮುಂದೆ ಇಟ್ಟುಕೊಳ್ಳುವವರು ನಾವು; ಅರ್ಜಿಯ ನಮೂನೆಯಾದರೋ ‘ಕೊನೆಯ ಹೆಸರು’ ಕೇಳುತ್ತದೆ. ಒಬ್ಬ ಊರಿನ ಹೆಸರು ಬರೆಯುತ್ತಾನೆ, ಇನ್ನೊಬ್ಬ ತಂದೆಯ ಹೆಸರು, ಮತ್ತೊಬ್ಬ ಇನಿಷಿಯಲ್ಲನ್ನೇ ಬರೆದು ಬಿಡುತ್ತಾನೆ. ಇಂಗ್ಲಿಷಿನಲ್ಲಿ ನಮ್ಮ ‘ತ’ಕಾರ ಒಂದು ಕಡೆ ಎರಡಕ್ಷರ, ಒಂದು ಕಡೆ ಒಂದೇ ಅಕ್ಷರ. ಹೀಗೆ ಒಬ್ಬನೇ ಮನುಷ್ಯ ಮೂರು ಕಡತಗಳಲ್ಲಿ ಹರಿದುಹೋಗಬಹುದು. ಮೂವರು ಒಂದೇ ಕಡತದಲ್ಲಿ ಬೆಸೆದುಕೊಳ್ಳಲೂಬಹುದು.

ವರದಿಯನ್ನು ತರಿಸಿ ಓದಿದಾಗ ಭಾಷಾವಿದ್ಯಾರ್ಥಿಯಾದ ನನಗೆ ಮತ್ತೊಂದು ಸೋಜಿಗ ಕಾದಿತ್ತು. ಅಲ್ಲಿನ ಮಾತುಗಳ ಅರ್ಥ ನಿಘಂಟಿಗೆ ಹೊರತಾದದ್ದು. ‘ರೈಟ್ ಆಫ್’ ಎಂದರೆ ಸಾಲ ಮನ್ನಾ ಆಯಿತೆಂದು ಬಹುಮಂದಿ ತಿಳಿದಿದ್ದಾರೆ. ಹಾಗಲ್ಲ, ಬರುವುದಿಲ್ಲವೆಂದು ಬ್ಯಾಂಕು ತನ್ನ ಲೆಕ್ಕದಿಂದ ತೆಗೆದಿದೆ, ಆದರೆ ಸಾಲಗಾರನ ತಲೆಯ ಮೇಲಿಂದ ತೆಗೆದಿಲ್ಲ. ಅದಕ್ಕಿಂತ ಮೋಸದ ಮಾತು ‘ಸೆಟಲ್ಡ್’. ಬೆಳೆ ಹೋದ ವರ್ಷ ಬ್ಯಾಂಕಿನವರೇ ಕರೆದು, ಇಷ್ಟು ಕಟ್ಟಿ ಮುಗಿಸಿ ಎಂದಾಗ ರೈತ ಒಡವೆ ಮಾರಿ ಕಟ್ಟುತ್ತಾನೆ. ಬಾಕಿ ತೀರಿತೆಂದು ನಿಟ್ಟುಸಿರು ಬಿಡುತ್ತಾನೆ. ವರದಿಯಲ್ಲಿ ಅವನ ಹೆಸರಿನ ಮುಂದೆ ‘ಸೆಟಲ್ಡ್’ ಎಂದು ಬೀಳುತ್ತದೆ. ಅದರ ಅರ್ಥ, ಇವನು ಪೂರ್ತಿ ಕೊಡದೆ ರಾಜಿಯಾದವನು, ಜೋಕೆ ಎಂದು. ಪೂರ್ತಿ ತೀರಿಸಿದವನಿಗೆ ಬರಬೇಕಾದ ಮಾತು ‘ಕ್ಲೋಸ್ಡ್’. ರಾಜಿಯ ಕಾಗದಕ್ಕೆ ಸಹಿ ಹಾಕಿಸುವಾಗ ಇದನ್ನು ಕನ್ನಡದಲ್ಲಿ ಒಂದು ವಾಕ್ಯ ಹೇಳಿದರೆ ಯಾರ ಗಂಟು ಹೋಗುತ್ತಿತ್ತು?

ಇನ್ನು ಕಾಯಿದೆಯ ವಿಚಾರ. ನಮ್ಮ ಸಂಸತ್ತು 2005ರಲ್ಲಿ ಸಾಲಮಾಹಿತಿ ಕಂಪನಿಗಳ ನಿಯಂತ್ರಣ ಕಾಯಿದೆಯನ್ನು ಅಂಗೀಕರಿಸಿತು. ಅದರ 21ನೆಯ ಪ್ರಕರಣ ನನ್ನಂಥವನಿಗೆ ಮುಖ್ಯವಾದದ್ದು. ಸಾಲಕ್ಕೆ ಅರ್ಜಿ ಹಾಕಿದವನು, ನೀವು ತರಿಸಿದ ವರದಿಯ ಪ್ರತಿಯನ್ನು ನನಗೂ ಕೊಡಿ ಎಂದು ಬ್ಯಾಂಕನ್ನು ಕೇಳಬಹುದು. ಅದರಲ್ಲಿ ತಪ್ಪಿದ್ದರೆ ತಿದ್ದಿರಿ ಎಂದು ಕೋರಬಹುದು. ಕೋರಿದ 30 ದಿನಗಳೊಳಗೆ ತಿದ್ದುವ ಕ್ರಮ ಕೈಕೊಳ್ಳಬೇಕು. 2017ರಿಂದ ಈಚೆಗೆ ಪ್ರತಿಯೊಂದು ಕಂಪನಿಯೂ ವರ್ಷಕ್ಕೊಂದು ಬಾರಿ ಪೂರ್ಣ ವರದಿಯನ್ನು ಬಿಟ್ಟಿಯಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಅಪ್ಪಣೆ. ನಾಲ್ಕು ಕಂಪನಿಗಳೆಂದ ಮೇಲೆ ವರ್ಷಕ್ಕೆ ನಾಲ್ಕು ವರದಿ.

ನಾನು ತಕರಾರು ಸಲ್ಲಿಸಿದೆ. ಸಲ್ಲಿಸಿದವನು ವಾಸ್ತವವಾಗಿ ಪಕ್ಕದ ಮನೆಯ ಹುಡುಗ; ಗಣಕದ ಮುಂದೆ ನಾನು ಅವನ ಶಿಷ್ಯ. ಹದಿನೆಂಟನೆಯ ದಿನ ಉತ್ತರ ಬಂತು: ‘ಸಾಲ ನೀಡಿದ ಸಂಸ್ಥೆಯನ್ನು ವಿಚಾರಿಸಲಾಯಿತು, ಮಾಹಿತಿ ಸರಿಯಾಗಿದೆಯೆಂದು ಅವರು ದೃಢಪಡಿಸಿರುತ್ತಾರೆ.’ ಶ್ರೋತೃಗಳೇ, ಈ ಉತ್ತರವನ್ನು ಒಂದಿಷ್ಟು ಯೋಚಿಸಿ ನೋಡಬೇಕು. ನನ್ನ ಮೇಲೆ ದೂರು ಹೇಳಿದವನನ್ನೇ ಕರೆದು ‘ನೀನು ಹೇಳಿದ್ದು ನಿಜವೇ?’ ಎಂದು ಕೇಳಿ, ಅವನು ‘ನಿಜ’ ಎಂದೊಡನೆ ಪಂಚಾಯಿತಿ ಮುಗಿಯಿತು! ಹಕ್ಕುಗಳ ಮಾತೆಲ್ಲ ಬಂದು ನಿಲ್ಲುವುದು ಈ ಜಾಗದಲ್ಲಿ. ಕಡತವನ್ನು ನೋಡುವ ಹಕ್ಕು ಒಂದು. ಅದರಲ್ಲಿ ಬರೆದದ್ದಕ್ಕೆ ನಾನು ಹೇಳುವ ಮಾತನ್ನು ಯಾರಾದರೂ ಕಿವಿಗೊಟ್ಟು ಕೇಳುವ ಹಕ್ಕು ಇನ್ನೊಂದು. ಮೊದಲನೆಯದು ನಮಗೆ ದಕ್ಕಿದೆ. ಎರಡನೆಯದು ಅರ್ಧ ದಕ್ಕಿದೆ.

ಈ ಜಗಳ ನಮಗಿಂತ ಮೊದಲು ನಡೆದದ್ದು ಅಮೆರಿಕದಲ್ಲಿ. ಈ ಪದ್ಧತಿ ಬೆಳೆದ ನೆಲ ಅದೇ ಆದ್ದರಿಂದ ಅಲ್ಲಿಯ ಸಂಗತಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. 1837ರ ಆರ್ಥಿಕ ಕುಸಿತದಲ್ಲಿ ವ್ಯಾಪಾರಿಗಳು ನೆಲಕಚ್ಚಿದ ಮೇಲೆ, 1841ರಲ್ಲಿ ನ್ಯೂಯಾರ್ಕಿನ ಲೂಯಿಸ್ ಟ್ಯಾಪನ್ ಎಂಬಾತ ಒಂದು ಸಂಸ್ಥೆ ತೆರೆದ. ಊರೂರಿನ ವಕೀಲರು ಅವನಿಗೆ ಅಲ್ಲಿಯ ವರ್ತಕರ ಶೀಲ, ಆಸ್ತಿ, ಕುಡಿತ ಎಲ್ಲವನ್ನೂ ಬರೆದು ಕಳಿಸಬೇಕು. ದಪ್ಪ ದಪ್ಪ ಲೆಡ್ಜರುಗಳಲ್ಲಿ ಅದು ದಾಖಲಾಗಬೇಕು. ಚಂದಾ ಕೊಟ್ಟವರಿಗೆ ಮಾತ್ರ ಅದನ್ನು ತಿಳಿಸಬೇಕು. ಹೀಗೆ ಬರೆದು ಕಳಿಸುತ್ತಿದ್ದ ವಕೀಲರಲ್ಲಿ ಅಬ್ರಹಾಂ ಲಿಂಕನ್ನನೂ ಒಬ್ಬ. ಆ ಕೈಬರಹದ ಸಂಪುಟಗಳು ಇಂದಿಗೂ ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಯಾರನ್ನು ಕುರಿತು ಬರೆದಿತ್ತೋ ಅವರಿಗೆ ಮಾತ್ರ ಅದನ್ನು ನೋಡುವ ಅವಕಾಶವಿರಲಿಲ್ಲ. ವರ್ತಕರಿಂದ ಮೊದಲಾದದ್ದು ಮುಂದೆ ಸಾಮಾನ್ಯ ಗೃಹಸ್ಥರಿಗೂ ಹಬ್ಬಿತು. 1899ರಲ್ಲಿ ಅಟ್ಲಾಂಟದಲ್ಲಿ ಹುಟ್ಟಿದ ಒಂದು ಕಂಪನಿ ನೆರೆಹೊರೆಯವರ ಚಾಡಿಮಾತುಗಳನ್ನೂ ಸಂಗ್ರಹಿಸುತ್ತಿತ್ತು. ಅದೇ ಮುಂದೆ ಈಕ್ವಿಫ್ಯಾಕ್ಸ್ ಎಂಬ ಹೆಸರು ತಳೆಯಿತು. ಈ ಗುಟ್ಟಿನ ಕಡತಗಳ ವಿರುದ್ಧ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ಮಂಡಿಸಿದ ಮಸೂದೆ 1970ರಲ್ಲಿ ಕಾಯಿದೆಯಾಯಿತು. ಕಡತದಲ್ಲಿ ಏನಿದೆಯೆಂದು ತಿಳಿಯುವ, ತಪ್ಪಿದ್ದರೆ ತಕರಾರು ಮಾಡುವ, ನಷ್ಟವಾದರೆ ದಾವೆ ಹೂಡುವ ಹಕ್ಕು ಅಲ್ಲಿಯ ಪ್ರಜೆಗೆ ಬಂದದ್ದು ಆಗ.

ಆ ದಾವೆಗಳಲ್ಲಿ ಎರಡು ನನ್ನ ಮನಸ್ಸಿನಲ್ಲಿ ನಿಂತಿವೆ. ಕಾಲೇಜಿನಲ್ಲಿದ್ದ ಒಬ್ಬ ಹುಡುಗಿಯ ಹೆಸರಿನಲ್ಲಿ ಬೇರೆ ಯಾರೋ ಸಾಲದ ಕಾರ್ಡುಗಳನ್ನು ಪಡೆದು ಬಾಕಿ ಮಾಡಿದರು. ಅದು ನನ್ನದಲ್ಲವೆಂದು ಅವಳು ಹೇಳಿದಾಗ ಕಂಪನಿ, ನನ್ನ ಸಂಗತಿಯಲ್ಲಿ ಮಾಡಿದಂತೆಯೇ, ಕಾರ್ಡು ಕೊಟ್ಟವರನ್ನೇ ಕೇಳಿ ಕೈ ತೊಳೆದುಕೊಂಡಿತು. 1997ರಲ್ಲಿ ಫಿಲಡೆಲ್ಫಿಯದ ಮೇಲ್ಮನವಿ ನ್ಯಾಯಾಲಯ, ಸಾಲ ಕೊಟ್ಟವನ ಮಾತನ್ನು ಗಿಳಿಯಂತೆ ಒಪ್ಪಿಸುವುದು ವಿಚಾರಣೆಯಾಗುವುದಿಲ್ಲ, ಸಂದರ್ಭಾನುಸಾರ ಕಂಪನಿ ತಾನೇ ನಿಜವನ್ನು ಹುಡುಕಬೇಕು ಎಂಬ ಅರ್ಥದ ತೀರ್ಪು ಕೊಟ್ಟಿತು. ನಮ್ಮ ‘ಗಿಳಿಪಾಠ’ ಅಷ್ಟು ದೂರ ಹೇಗೆ ಹೋಯಿತೋ!

ಎರಡನೆಯದು ಇನ್ನೂ ವಿಚಿತ್ರ. 2011ರಲ್ಲಿ ಕ್ಯಾಲಿಫೋರ್ನಿಯದ ಗೃಹಸ್ಥನೊಬ್ಬ ಹೆಂಡತಿಯೊಡನೆ, ಮಾವನೊಡನೆ ಕಾರು ಕೊಳ್ಳಲು ಹೋದ. ಅಂಗಡಿಯವನು ವರದಿ ತರಿಸಿ ನೋಡಿ, ನಿಮ್ಮ ಹೆಸರು ಭಯೋತ್ಪಾದಕರ ಪಟ್ಟಿಯಲ್ಲಿದೆ, ನಿಮಗೆ ಕಾರು ಮಾರಲಾರೆ ಎಂದುಬಿಟ್ಟ. ಟ್ರಾನ್ಸ್‌ಯೂನಿಯನ್ ಕಂಪನಿ ಮಾಡಿದ್ದಿಷ್ಟೆ: ಸರ್ಕಾರದ ನಿಷೇಧಿತರ ಪಟ್ಟಿಯ ಹೆಸರಿಗೆ ಗಿರಾಕಿಯ ಹೆಸರನ್ನು ಹೋಲಿಸಿತು, ಹುಟ್ಟಿದ ದಿನಾಂಕವನ್ನು ಹೋಲಿಸಲಿಲ್ಲ. ಕಾರನ್ನು ಕೊನೆಗೆ ಹೆಂಡತಿಯ ಹೆಸರಿನಲ್ಲಿ ಕೊಂಡರು. ಹೀಗೆ ಗುರುತು ಬಿದ್ದವರು 8,185 ಮಂದಿ ಎಂದು ಮೊಕದ್ದಮೆಯಲ್ಲಿ ತಿಳಿಯಿತು. ಜ್ಯೂರಿಯವರು 6 ಕೋಟಿ ಡಾಲರಿಗೂ ಮಿಕ್ಕ ಪರಿಹಾರ ವಿಧಿಸಿದರು. ಆದರೆ 2021ರ ಜೂನಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಐದಕ್ಕೆ ನಾಲ್ಕು ಮತಗಳಿಂದ, ಯಾರ ವರದಿ ಹೊರಗಿನವರ ಕೈಸೇರಿತೋ ಆ 1,853 ಮಂದಿ ಮಾತ್ರ ದಾವೆ ಹೂಡಬಲ್ಲರು ಎಂದಿತು. ಉಳಿದವರ ಬಗ್ಗೆ ಬರೆದದ್ದು ಮೇಜಿನ ಖಾನೆಯಲ್ಲಿಯೇ ಉಳಿದ ನಿಂದೆಯ ಪತ್ರದಂತೆ. ಕಳಿಸದ ಪತ್ರದಿಂದ ಹಾನಿಯೇನು ಎಂಬುದು ನ್ಯಾಯಮೂರ್ತಿಗಳ ವಾದ.

ತರ್ಕಕ್ಕೆ ಇದು ಚೆನ್ನಾಗಿದೆ. ಆದರೆ ನಾನು ಒಪ್ಪಲಾರೆ. ಖಾನೆಯಲ್ಲಿ ಇಟ್ಟ ಪತ್ರವನ್ನು ಬರೆದವನು ಹರಿದೆಸೆಯಬಹುದು. ಮಾರುವುದಕ್ಕೆಂದೇ ಬರೆದಿಟ್ಟ ಪತ್ರ ಖಾನೆಯಲ್ಲಿರುವುದು ಗಿರಾಕಿ ಬರುವ ತನಕ. ನನ್ನ ಮೇಲಿನ ಸುಳ್ಳು ಎಷ್ಟೋ ವರ್ಷ ಹಾಗೆ ಖಾನೆಯಲ್ಲಿತ್ತು. ನನಗೆ ಅದರ ಅರಿವಿಲ್ಲದಿದ್ದುದೇ ಅದರ ಶಕ್ತಿ. ತಮ್ಮನ ಮಗಳ ಸೀಟಿನ ಗಡುವು ಬಂದ ವಾರದಲ್ಲಿ ಅದು ಹೊರಬಿತ್ತು.

ನಮ್ಮ ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪನ್ನು ಇಲ್ಲಿ ನೆನೆಯಬೇಕು. ಯಾವನೇ ಸಾಲಗಾರನ ಖಾತೆಯನ್ನು ‘ವಂಚನೆ’ ಎಂದು ವರ್ಗೀಕರಿಸುವ ಮೊದಲು ಅವನ ಅಹವಾಲನ್ನು ಬ್ಯಾಂಕು ಕೇಳಲೇಬೇಕೆಂದು 2023ರ ಮಾರ್ಚ್ 27ರಂದು ಅದು ವಿಧಿಸಿತು. ಎದುರು ಪಕ್ಷವನ್ನೂ ಕೇಳು ಎಂಬ ಹಳೆಯ ನ್ಯಾಯವೇ ಅದು. ಕೋಟಿಗಟ್ಟಲೆ ಸಾಲ ಮಾಡಿದ ಉದ್ಯಮಿಗೆ ದೊರೆತ ಈ ಮರ್ಯಾದೆ, ಬೈಕಿನ ಸಾಲದವನ ಹೆಸರಿಗೆ ಮಸಿ ಬಳಿಯುವ ಮುನ್ನ ಅವನಿಗೂ ಏಕೆ ದೊರೆಯಬಾರದು? ಒಂದು ಹೆಜ್ಜೆಯನ್ನು ರಿಸರ್ವ್ ಬ್ಯಾಂಕು ಇಟ್ಟಿದೆ. ಕಂತು ತಪ್ಪಿದ ಸಂಗತಿಯನ್ನು ಬ್ಯಾಂಕು ಕಂಪನಿಗೆ ವರದಿ ಮಾಡಿದಾಗ ಸಾಲಗಾರನಿಗೂ ಮೊಬೈಲಿಗೋ ಮಿಂಚಂಚೆಗೋ ಸುದ್ದಿ ಕಳಿಸಬೇಕು. ಯಾರಾದರೂ ನಮ್ಮ ವರದಿಯನ್ನು ತೆಗೆದು ನೋಡಿದರೆ ಕಂಪನಿ ನಮಗೆ ತಿಳಿಸಬೇಕು. ತಿದ್ದುಪಡಿಯನ್ನು ನಿರಾಕರಿಸಿದರೆ ಕಾರಣ ಕೊಡಬೇಕು. ಇವು 2023ರ ಅಕ್ಟೋಬರಿನಲ್ಲಿ ಹೊರಟ ಆಜ್ಞೆಗಳು. ಆದರೆ ಸುದ್ದಿ ಹೋಗುವುದು ಕಡತದಲ್ಲಿರುವ ದೂರವಾಣಿ ಸಂಖ್ಯೆಗೆ. ನನ್ನ ಹೆಸರಿನ ಆ ಮಹಾಶಯನ ಸಂಖ್ಯೆಗೆ ಬಂದ ಸುದ್ದಿ ನನ್ನನ್ನು ಹೇಗೆ ಮುಟ್ಟೀತು?

ಗಿಳಿಪಾಠದ ಉತ್ತರ ಬಂದ ಮೇಲೆ ನಾನು ಹಳೆಯ ಅಸ್ತ್ರವನ್ನು ತೆಗೆದೆ, ಎಂದರೆ ರಿಜಿಸ್ಟರ್ಡ್ ಅಂಚೆ. ಸಾಲ ಕೊಟ್ಟ ಸಂಸ್ಥೆಗೂ, ಕಂಪನಿಗೂ ಪ್ರತ್ಯೇಕ ಪತ್ರ ಬರೆದು, ಸಾಲಪತ್ರದ ಮೇಲಿನ ಸಹಿಯನ್ನೂ ಭಾವಚಿತ್ರವನ್ನೂ ಹುಟ್ಟಿದ ತಾರೀಖನ್ನೂ ನನ್ನವುಗಳೊಡನೆ ಹೋಲಿಸಿ ನೋಡಿ ಎಂದು ಕೇಳಿದೆ. ‘ತಪ್ಪಾಗಿದೆ, ಸರಿಪಡಿಸಿ’ ಎಂಬ ಅರ್ಜಿಗಿಂತ ‘ಇಂಥ ಕಾಗದವನ್ನು ತೆಗೆದು ನೋಡಿ’ ಎಂಬ ಅರ್ಜಿಗೆ ಬೆಲೆ ಹೆಚ್ಚೆಂಬುದು ನನ್ನ ಅನುಭವ. ಕಾಗದವನ್ನು ತೆಗೆದರು. ಸಾಲ ಪಡೆದವನು ನನಗಿಂತ ಇಪ್ಪತ್ತೆರಡು ವರ್ಷ ಚಿಕ್ಕವನು. ಮೊದಲ ತಕರಾರಿನಿಂದ ಲೆಕ್ಕ ಹಾಕಿದರೆ ನಲವತ್ತೊಂದನೆಯ ದಿನ ನನ್ನ ಕಡತದಿಂದ ಅವನು ಹೊರನಡೆದ.

ಅಷ್ಟರಲ್ಲಿ ಸೀಟಿನ ಗಡುವು ಮುಗಿದಿತ್ತು. ಸೀಟು ಹೋಗಲಿಲ್ಲ. ತಮ್ಮನ ಹೆಂಡತಿ, “ಇರಲಿ ಬಿಡಿ ಭಾವ” ಎಂದು ಎರಡು ಬಳೆ ಕಳಚಿ ಕೊಟ್ಟಳು. ಅವನ್ನು ಅಡವಿಟ್ಟು ಮೊದಲ ವರ್ಷದ ಶುಲ್ಕ ಕಟ್ಟಿದೆವು. ಅಡವಿನ ಅಂಗಡಿಯವನು ನನ್ನ ಹೆಸರನ್ನು ಒರೆಗೆ ಹಚ್ಚಲಿಲ್ಲ, ಬಳೆಯನ್ನು ಹಚ್ಚಿದ.

ಹೀಗೆ ತಡವಾದುದಕ್ಕೆ ಪರಿಹಾರವುಂಟು. 2024ರ ಏಪ್ರಿಲ್ 26ರಿಂದ ಜಾರಿಗೆ ಬಂದ ನಿಯಮದಂತೆ, ದೂರು ಕೊಟ್ಟ 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿದಿನಕ್ಕೆ 100 ರೂಪಾಯಿ ಕೊಡಬೇಕು. ಬ್ಯಾಂಕು 21 ದಿನಗಳೊಳಗೆ ತಿದ್ದಿದ ಮಾಹಿತಿಯನ್ನು ಕಳಿಸದಿದ್ದರೆ ಅದು ಕೊಡಬೇಕು. ಕಳಿಸಿಯೂ ಕಂಪನಿ ಸುಮ್ಮನಿದ್ದರೆ ಕಂಪನಿ ಕೊಡಬೇಕು. ಅಂಕವನ್ನು ಲೆಕ್ಕ ಹಾಕಿದ ರೀತಿ ಸರಿಯಿಲ್ಲ ಎಂಬ ವಾದಕ್ಕೆ ಇದು ಅನ್ವಯಿಸುವುದಿಲ್ಲ. ಸಂಗತಿ ತಪ್ಪಾಗಿದ್ದರೆ ಮಾತ್ರ. ನನಗೆ ಹನ್ನೊಂದು ದಿನಕ್ಕೆ 1,100 ರೂಪಾಯಿ ಬಂತು, ಅದೂ ಎರಡು ಸಲ ಬರೆದ ಮೇಲೆ. ಮೊತ್ತವನ್ನು ಕಂಡು ನಗಬಹುದು. ಆದರೆ ತಡಮಾಡುವುದು ತಪ್ಪೆಂದು ಒಂದು ದೊಡ್ಡ ಸಂಸ್ಥೆ ಹಣ ಕೊಟ್ಟು ಒಪ್ಪಿಕೊಳ್ಳುವುದು ಸಣ್ಣ ಸಂಗತಿಯೆಂದು ನಾನು ತಿಳಿಯಲಾರೆ.

ಮೂವತ್ತು ದಿನ ಕಳೆದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು. 2022ರ ಸೆಪ್ಟೆಂಬರ್ 1ರಿಂದ ಈ ಕಂಪನಿಗಳೂ ಅವರ ವ್ಯಾಪ್ತಿಗೆ ಬಂದಿವೆ. ಇದಕ್ಕೆ ವಕೀಲರು ಬೇಡ, ಶುಲ್ಕವಿಲ್ಲ.

ನಷ್ಟವೇ ದೊಡ್ಡದಾಗಿದ್ದರೆ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ನಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದು, ಕಂಪನಿಯ ಊರಿಗೆ ಅಲೆಯಬೇಕಾಗಿಲ್ಲ. ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಹೂಡಬೇಕು. ಆದರೆ ಇಲ್ಲೊಂದು ತೊಡಕನ್ನು ನನ್ನ ವಕೀಲ ಮಿತ್ರರು ತೋರಿಸಿದರು. ಬ್ಯಾಂಕಿನಲ್ಲಿ ಸಾಲ ಪಡೆದವನು ಅದರ ಗ್ರಾಹಕ, ಸರಿ. ಆ ಬೈಕಿನ ಸಾಲ ಕೊಟ್ಟ ಸಂಸ್ಥೆಗೆ ನಾನು ಏನು? ಅವರೊಡನೆ ಒಂದು ಕಾಸಿನ ವ್ಯವಹಾರವನ್ನೂ ಮಾಡಿದವನಲ್ಲ. ‘ಇವರು ನಮ್ಮ ಗ್ರಾಹಕರೇ ಅಲ್ಲ’ ಎಂದು ಅವರು ನ್ಯಾಯಪೀಠದ ಮುಂದೆ ವಾದಿಸಬಹುದಂತೆ. ನಾನು ಮೊದಲ ದಿನದಿಂದ ಹೇಳಿಕೊಂಡು ಬಂದದ್ದೂ ಅದನ್ನೇ! ಇನ್ನು 2005ರ ಕಾಯಿದೆ, ಬೇರೆ ಪರಿಹಾರವಿಲ್ಲದ ವ್ಯಾಜ್ಯಗಳನ್ನು ರಾಜಿಗೋ ಪಂಚಾಯ್ತಿಗೋ ಒಯ್ಯಬೇಕೆಂದು 18ನೆಯ ಪ್ರಕರಣದಲ್ಲಿ ಹೇಳುತ್ತದೆ. ಪಿಂಚಣಿದಾರನೊಬ್ಬನಿಗೆ ಅದು ನಡೆಯುವ ದಾರಿಯಲ್ಲ.

ಅಂಕ ಕಡಿಮೆಯೆಂಬ ಒಂದೇ ಕಾರಣದಿಂದ ವಿದ್ಯಾರ್ಥಿಯ ಸಾಲದ ಅರ್ಜಿಯನ್ನು ತಳ್ಳಿಹಾಕಬಾರದೆಂದು 2023ರಲ್ಲಿ ಕೇರಳದ ಉಚ್ಚ ನ್ಯಾಯಾಲಯ ಹೇಳಿದೆ. ಆ ತೀರ್ಪಿನ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದೆ; ಮ್ಯಾನೇಜರಿಗೆ ತೋರಿಸಿದಾಗ ಅವನು, “ಸಾರ್, ಅದು ಕೇರಳ” ಎಂದ.

ಎರಡನೆಯ ವರ್ಷದ ಶುಲ್ಕಕ್ಕೆ ಅದೇ ಬ್ಯಾಂಕು ಸಾಲ ಕೊಟ್ಟಿತು. ಬಳೆಗಳನ್ನು ದೀಪಾವಳಿಯ ಹಿಂದಿನ ದಿನ ಬಿಡಿಸಿ ತಂದೆವು. ಬಡ್ಡಿಯ ಪಾಲಿಗೆ ಆ 1,100 ರೂಪಾಯಿಯನ್ನೂ ಸೇರಿಸಿದೆ, ಸಾಲಲಿಲ್ಲ. ಈಗ ಪ್ರತಿ ಜನವರಿಯಲ್ಲಿ ಪಕ್ಕದ ಮನೆಯ ಹುಡುಗನನ್ನು ಕರೆದು ನಾಲ್ಕು ವರದಿಗಳನ್ನೂ ತೆಗೆಸಿ ಓದುತ್ತೇನೆ. ಓದುವಾಗ ನನ್ನ ಹೆಸರಿನ ಆ ಇನ್ನೊಬ್ಬನ ನೆನಪಾಗುತ್ತದೆ. ಅವನು ಕಂತು ಕಟ್ಟದೆ ಹೋದದ್ದೇಕೋ, ಅವನ ವರದಿಯನ್ನು ಅವನು ಎಂದಾದರೂ ನೋಡಿದ್ದಾನೋ ಇಲ್ಲವೋ.